ವಸಂತದಲ್ಲಿ ರಾಣಿ ಜೇನು ಮೊಟ್ಟೆ ಕಡಿಮೆ ಮಾಡಿದರೆ: ಕಾರಣ ಹುಡುಕುವುದು ಹೇಗೆ, ಆಮೇಲೆ ಏನು ಮಾಡುವುದು

ಹೂ ಬಿಡುವ ಕಾಲ. ಪೆಟ್ಟಿಗೆ ತುಂಬ ಮರಿ ಇರಬೇಕಾದ ಹೊತ್ತು. ತೆರೆದು ನೋಡಿದರೆ ಮೊಟ್ಟೆ ಅಲ್ಲೊಂದು ಇಲ್ಲೊಂದು. ಹತ್ತು ದಿನದ ಹಿಂದೆ ಚೆನ್ನಾಗಿದ್ದ ರಾಣಿಗೆ ಈಗ ಏನಾಯಿತು? ಆಗ ಎಲ್ಲರ ತಲೆಗೂ ಬರುವ ಯೋಚನೆ ಒಂದೇ. ರಾಣಿ ಕೆಟ್ಟಿದೆ, ಬದಲಾಯಿಸಬೇಕು.

ನಾನೂ ಹಾಗೇ ಮಾಡಿದ್ದೆ. ಜೇನು ಸಾಕಲು ಶುರು ಮಾಡಿದ ಮೂರನೇ ವಸಂತದಲ್ಲಿ ಒಂದು ಒಳ್ಳೆಯ ರಾಣಿಯನ್ನು ಕೊಂದು ಹೊಸದನ್ನು ಬಿಟ್ಟೆ. ಹದಿನೈದು ದಿನ ಕಳೆದರೂ ಹೊಸ ರಾಣಿಯದ್ದೂ ಅದೇ ಕಥೆ. ಆಮೇಲೆ ಎರಿಗಳನ್ನು, ಅಂದರೆ ಚೌಕಟ್ಟಿನಲ್ಲಿ ಕಟ್ಟಿದ ಮೇಣದ ಕೋಶಗಳ ಹಲಗೆಗಳನ್ನು, ಒಂದೊಂದಾಗಿ ಬೆಳಕಿಗೆ ಹಿಡಿದೆ. ಮರಿ ಹೊರಬಂದು ಖಾಲಿಯಾದ ಕೋಶಗಳಲ್ಲೆಲ್ಲ ಹಸಿ ಮಕರಂದ ಮಿನುಗುತ್ತಿತ್ತು. ರಾಣಿಗೆ ಮೊಟ್ಟೆ ಇಡಲು ಜಾಗವೇ ಇರಲಿಲ್ಲ. ಮೊದಲಿನ ರಾಣಿಯ ತಪ್ಪು ಏನೂ ಇರಲಿಲ್ಲ. ನೆನಪಾದಾಗ ಈಗಲೂ ಬೇಸರವಾಗುತ್ತದೆ. ಅದಕ್ಕೇ ಈ ವಿಷಯವನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇಲ್ಲಿ ಹೇಳಿರುವ ದಿನ, ಲೆಕ್ಕ ಎಲ್ಲ ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನಿನದ್ದು. ನಮ್ಮ ನಾಡಿನ ತುಡುವೆ ಜೇನಿನಲ್ಲಿ ಕುಟುಂಬ ಚಿಕ್ಕದು, ಮೊಟ್ಟೆಯೂ ಕಡಿಮೆ, ಮರಿ ಸ್ವಲ್ಪ ಬೇಗ ಹೊರಬರುತ್ತದೆ. ನೋಡುವ ಕ್ರಮ ಮಾತ್ರ ಎರಡಕ್ಕೂ ಒಂದೇ.

ಮೊದಲು ತಿಳಿಯಬೇಕಾದ್ದು

ಒಳ್ಳೆಯ ರಾಣಿ ಭರ್ತಿ ಕಾಲದಲ್ಲಿ ದಿನಕ್ಕೆ 1500ರಿಂದ 2000 ಮೊಟ್ಟೆ ಇಡುತ್ತದೆ. ಅಷ್ಟು ಮೊಟ್ಟೆಯ ತೂಕ ಹೆಚ್ಚುಕಡಿಮೆ ಅದರ ಮೈತೂಕದಷ್ಟೇ. ಇಷ್ಟು ಶಕ್ತಿ ಎಲ್ಲಿಂದ ಬರಬೇಕು? ಸುತ್ತ ಇರುವ ದಾದಿ ನೊಣಗಳು, ಅಂದರೆ ರಾಣಿಗೂ ಮರಿಗೂ ಉಣಿಸುವ ಎಳೆಯ ಕೆಲಸಗಾರ ನೊಣಗಳು, ಗಳಿಗೆಗೊಮ್ಮೆ ಅದರ ಬಾಯಿಗೆ ತಮ್ಮ ಮೈಯಲ್ಲೇ ತಯಾರಾಗುವ ರಾಯಲ್ ಜೆಲ್ಲಿ ಇಡುತ್ತವೆ. ಆ ಜೆಲ್ಲಿ ಮಾಡಲು ದಾದಿಗಳಿಗೆ ಪರಾಗ ಬೇಕು. ಮೊಟ್ಟೆ ಇಡುವ ಕೋಶವನ್ನು ತೊಳೆದಂತೆ ಚೊಕ್ಕ ಮಾಡಿಡುವುದು ಕೆಲಸಗಾರ ನೊಣಗಳು. ಮರಿ ಇರುವ ಜಾಗವನ್ನು 34–35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಡುವುದೂ ಅವುಗಳದ್ದೇ ಕೆಲಸ.

ಹಾಗಾಗಿ ಮೊಟ್ಟೆಯ ಲೆಕ್ಕ ರಾಣಿಯೊಂದರ ಕೈಯಲ್ಲಿಲ್ಲ. ಜಾಗ ಇಲ್ಲ ಅಂದರೂ, ಕುಟುಂಬ ಪಾಲಾಗಲು (ಹಳೆಯ ರಾಣಿ ಒಂದಷ್ಟು ನೊಣಗಳ ಜೊತೆ ಬೇರೆ ಗೂಡಿಗೆ ಹಾರಿಹೋಗಲು) ಹೊರಟಿದ್ದರೂ, ದಾದಿಗಳು ಸಾಲದಿದ್ದರೂ, ಪರಾಗ ಇಲ್ಲ ಅಂದರೂ ರಾಣಿಯ ಮೊಟ್ಟೆ ಇಳಿಯುತ್ತದೆ. ರಾಣಿಯಲ್ಲೇ ದೋಷ ಇರುವುದು ಕೊನೆಗೆ ನೋಡಬೇಕಾದ ಕಾರಣ. ಈ ಕ್ರಮದಲ್ಲೇ ಹೋಗೋಣ.

ಹೆಜ್ಜೆ 1: ಪೆಟ್ಟಿಗೆ ತೆರೆಯುವ ಮೊದಲು ಬಾಗಿಲು ನೋಡಿ

ಬಿಸಿಲಿದ್ದು ಗಾಳಿ ಇಲ್ಲದ ದಿನ ಆರಿಸಿ. ಚಳಿಯಲ್ಲಿ ಎರಿ ಎತ್ತಿದರೆ ಮರಿಗೆ ತಂಡಿ ಹೊಡೆಯುತ್ತದೆ. ಹತ್ತು ನಿಮಿಷ ಪಕ್ಕದಲ್ಲಿ ಕೂತು ಬಾಗಿಲನ್ನು ಗಮನಿಸಿ. ಕಾಲಿಗೆ ದಪ್ಪ ಪರಾಗದ ಉಂಡೆ ಕಟ್ಟಿಕೊಂಡು ನೊಣಗಳು ಸಾಲಾಗಿ ಬರುತ್ತಿದ್ದರೆ ಒಳಗೆ ಉಣ್ಣುವ ಮರಿ ಇರಬಹುದು. ಪಕ್ಕದ ಪೆಟ್ಟಿಗೆಗೆ ಪರಾಗ ಬರುತ್ತಿದ್ದು ಇದಕ್ಕೆ ಮಾತ್ರ ಬರುತ್ತಿಲ್ಲ ಅಂದರೆ ಅದು ಅನುಮಾನ ಪಡಬೇಕಾದ ವಿಷಯ. ಇದು ಸುಳಿವು ಅಷ್ಟೇ, ತೀರ್ಪಲ್ಲ.

ಕಳೆದ ಎರಡು ವಾರದ ಹವೆಯನ್ನೂ ನೆನಪು ಮಾಡಿಕೊಂಡು ಬರೆದಿಡಿ. ಮಳೆ ಯಾವಾಗ ಬಂತು, ಚಳಿ ಮತ್ತೆ ಯಾವಾಗ ಹೊಡೆಯಿತು, ಸಕ್ಕರೆ ಪಾಕ ಯಾವಾಗ ಕೊಟ್ಟಿರಿ, ನೊಣದ ಮೈಗೆ ಅಂಟುವ ನುಸಿಗೆ ಔಷಧಿ ಹಾಕಿದ್ದಿರಾ. ಮುಂದೆ ಇದು ತುಂಬಾ ಬೇಕಾಗುತ್ತದೆ.

ಹೆಜ್ಜೆ 2: ಮೊಟ್ಟೆ ನೋಡುವುದನ್ನು ಕಲಿಯಿರಿ

ಸುಮ್ನೆ ರಾಣಿಯನ್ನು ಹುಡುಕುತ್ತಾ ಅರ್ಧ ಗಂಟೆ ಕಳೆಯಬೇಡಿ. ರಾಣಿ ಕಾಣದಿದ್ದರೂ ಪರವಾಗಿಲ್ಲ, ಅದರ ಕೆಲಸ ಕಂಡರೆ ಸಾಕು.

ಅಂಚಿನ ಎರಿಯನ್ನು ಮೊದಲು ತೆಗೆದು ಪಕ್ಕಕ್ಕಿಡಿ. ಆಗ ಉಳಿದವನ್ನು ಸರಿಸಲು ಜಾಗ ಸಿಗುತ್ತದೆ, ರಾಣಿ ಎರಡು ಎರಿಗಳ ನಡುವೆ ಸಿಕ್ಕಿ ಉಜ್ಜಿಹೋಗುವುದಿಲ್ಲ. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಬಿಸಿಲು ನಿಮ್ಮ ಹೆಗಲ ಮೇಲಿಂದ ಬಂದು ಕೋಶದ ತಳಕ್ಕೆ ಬೀಳುವ ಹಾಗೆ ಎರಿಯನ್ನು ಓರೆ ಮಾಡಿ. ತಳದಲ್ಲಿ ಬಿಳಿ ದಾರದ ಸಣ್ಣ ತುಂಡಿನಂತೆ ಕಾಣುವುದೇ ಮೊಟ್ಟೆ. ಉದ್ದ ಒಂದೂವರೆ ಮಿಲಿಮೀಟರ್ ಇರಬಹುದು. ಮೊದಲ ದಿನ ಅದು ನೆಟ್ಟಗೆ ನಿಂತಿರುತ್ತದೆ. ಎರಡನೇ ದಿನ ವಾಲುತ್ತದೆ. ಮೂರನೇ ದಿನ ತಳಕ್ಕೆ ಮಲಗುತ್ತದೆ. ನೆಟ್ಟಗೆ ನಿಂತ ಒಂದು ಮೊಟ್ಟೆ ಸಿಕ್ಕರೂ ಸಾಕು, ನಿನ್ನೆಯೋ ಇವತ್ತೋ ರಾಣಿ ಇಲ್ಲಿ ಓಡಾಡಿದೆ ಅಂತ ಅರ್ಥ.

ಹಳೆಯ ಕಪ್ಪು ಎರಿಯಲ್ಲಿ ಮೊಟ್ಟೆ ಬೇಗ ಕಾಣುತ್ತದೆ. ಹೊಸ ಬಿಳಿ ಎರಿಯಲ್ಲಿ ಕಷ್ಟ. ಭೂತಗನ್ನಡಿ ಹಿಡಿದು ನೋಡಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಹೆಜ್ಜೆ 3: 1, 2, 4 ಲೆಕ್ಕ

ಈ ಒಂದು ಹೆಜ್ಜೆ ಗೊತ್ತಿದ್ದರೆ ಊಹೆಯ ಕೆಲಸ ಅರ್ಧ ತಪ್ಪುತ್ತದೆ. ಕೆಲಸಗಾರ ನೊಣ ಮೊಟ್ಟೆಯಾಗಿ 3 ದಿನ, ತೆರೆದ ಕೋಶದಲ್ಲಿ ಮರಿಹುಳುವಾಗಿ ಸುಮಾರು 6 ದಿನ, ಮುಚ್ಚಿದ ಕೋಶದಲ್ಲಿ 12 ದಿನ ಇರುತ್ತದೆ. ಒಟ್ಟು 21 ದಿನ. ಅಂದರೆ ರಾಣಿ ದಿನವೂ ಒಂದೇ ಸಮ ಮೊಟ್ಟೆ ಇಡುತ್ತಿದ್ದರೆ ಮೊಟ್ಟೆ ಒಂದು ಪಾಲು, ಮರಿಹುಳು ಎರಡು ಪಾಲು, ಮುಚ್ಚಿದ ಮರಿ ನಾಲ್ಕು ಪಾಲು ಇರಬೇಕು.

ಕೋಶ ಎಣಿಸುವ ಗೋಜು ಬೇಡ. ಅಂಗೈ ಅಗಲದಲ್ಲಿ ಅಳೆಯಿರಿ. ಮುಚ್ಚಿದ ಮರಿ 8 ಅಂಗೈ, ಮರಿಹುಳು 4, ಮೊಟ್ಟೆ 2 ಇದ್ದರೆ ರಾಣಿ ಮೊದಲಿನ ವೇಗದಲ್ಲೇ ಇದೆ. ನಿಮಗೆ ಕಡಿಮೆ ಅನ್ನಿಸಿದ್ದು ಕಣ್ಣಿನ ಮೋಸ. ಮುಚ್ಚಿದ್ದು 8, ಮರಿಹುಳು 4, ಮೊಟ್ಟೆ ಮಾತ್ರ ಅರ್ಧ ಅಂಗೈ ಅಂದರೆ ಕಳೆದ 3 ದಿನದಲ್ಲಿ ಏನೋ ಆಗಿದೆ. ಮುಚ್ಚಿದ್ದು 8, ಮರಿಹುಳು 1, ಮೊಟ್ಟೆ ಅರ್ಧ ಅಂದರೆ ಇಳಿತ ಶುರುವಾಗಿ ಒಂದು ವಾರವಾದರೂ ಆಗಿದೆ. ಬರೆದಿಟ್ಟ ಹವೆಯ ಲೆಕ್ಕ ತೆಗೆದು ಆ ದಿನಗಳಲ್ಲಿ ಏನಿತ್ತು ನೋಡಿ. ನಾಲ್ಕು ದಿನ ಮಳೆ ಹಿಡಿದು ನೊಣಗಳು ಹೊರಗೇ ಹೋಗದಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಮತ್ತೆ ಬಿಸಿಲು ಬಂದು ಪರಾಗ ಬರಲು ಶುರುವಾದರೆ ರಾಣಿ ತಾನಾಗಿ ವೇಗ ಹಿಡಿಯುತ್ತದೆ. ನೀವು ಏನೂ ಮಾಡಬೇಕಿಲ್ಲ.

ಒಂದು ವಿಚಿತ್ರ ಲೆಕ್ಕವೂ ಕೆಲವೊಮ್ಮೆ ಸಿಗುತ್ತದೆ. ಮೊಟ್ಟೆ ಬೇಕಾದಷ್ಟು ಇದೆ, ಮರಿಹುಳು ಮಾತ್ರ ಇಲ್ಲ. ಇಲ್ಲಿ ರಾಣಿ ನಿಂತಿಲ್ಲ. ಪರಾಗ ಖಾಲಿಯಾದಾಗ ಕೆಲಸಗಾರ ನೊಣಗಳು ಎಳೆಯ ಮರಿಹುಳುಗಳನ್ನು ತಾವೇ ತಿಂದುಬಿಡುತ್ತವೆ. ಸಾಕಲಾಗದ ಮರಿಯ ಸತ್ವ ಕುಟುಂಬಕ್ಕೇ ಉಳಿಯಲಿ ಅಂತ. ನೋಡಿದರೆ ಕರುಳು ಚುರುಕ್ ಅನ್ನುತ್ತದೆ, ಆದರೆ ಕುಟುಂಬ ಬದುಕಿಕೊಳ್ಳುವ ದಾರಿ ಅದು.

ಹೆಜ್ಜೆ 4: ಖಾಲಿ ಕೋಶಗಳಲ್ಲಿ ಏನಿದೆ?

ವಸಂತದಲ್ಲಿ ಬಲವಾದ ಕುಟುಂಬದ ಮೊಟ್ಟೆ ಇಳಿದರೆ ನಾನು ಮೊದಲು ಅನುಮಾನ ಪಡುವುದು ಜಾಗವನ್ನು. ಮಕರಂದ ಧಾರಾಳವಾಗಿ ಬರುವಾಗ, ಇಡಲು ಮೇಲೆ ಎರಿ ಇಲ್ಲದಿದ್ದರೆ, ನೊಣಗಳು ಮರಿ ಬೆಳೆಯುವ ಸಂಸಾರ ಕೋಣೆಯ ನಡುವಿನ ಕೋಶಗಳಿಗೇ ಸುರಿಯುತ್ತವೆ. ಮರಿ ಹೊರಬಂದ ಕೋಶ ರಾಣಿಗೆ ಸಿಗುವ ಮೊದಲೇ ಮಕರಂದದ ಪಾಲಾಗುತ್ತದೆ. ನಾವು ಕೊಟ್ಟ ಸಕ್ಕರೆ ಪಾಕವೂ ಇದೇ ಕೆಲಸ ಮಾಡುತ್ತದೆ. ಹೂ ಬಂದಮೇಲೂ ಪಾಕ ಕೊಡುತ್ತಾ ಹೋಗಿ, ಮೊಟ್ಟೆ ಇಲ್ಲ ಅಂತ ಕೊರಗುವವರು ತುಂಬಾ ಜನ.

ಗುರುತಿಸುವುದು ಸುಲಭ. ಮರಿ ಇರಬೇಕಾದ ನಡುವಿನ ಎರಿಯನ್ನು ಬಿಸಿಲಿಗೆ ಹಿಡಿಯಿರಿ. ಖಾಲಿ ಕೋಶದ ತಳ ಒಣಗಿ ಹೊಳಪಾಗಿರುತ್ತದೆ. ಮಕರಂದ ಇದ್ದರೆ ಕನ್ನಡಿ ಚೂರಿನಂತೆ ಮಿಂಚುತ್ತದೆ. ಅನುಮಾನ ಇದ್ದರೆ ಎರಿಯನ್ನು ಪೆಟ್ಟಿಗೆಯ ಮೇಲೆ ಅಡ್ಡ ಹಿಡಿದು ಒಮ್ಮೆ ಮೆಲ್ಲಗೆ ಕೊಡವಿ. ಹಸಿ ಮಕರಂದ ಹನಿಹನಿಯಾಗಿ ಉದುರುತ್ತದೆ. ಎಳೆಯ ಮರಿ ಜಾಸ್ತಿ ಇರುವ ಎರಿಯನ್ನು, ರಾಣಿ ಕೂತಿರುವ ಎರಿಯನ್ನು ಮಾತ್ರ ಕೊಡವಬೇಡಿ.

ಪರಿಹಾರ ಹೀಗೆ. ಪಾಕ ನಿಲ್ಲಿಸಿ. ಮೇಲೆ ಜೇನು ಕೋಣೆ ಇಡಿ, ಸಾಧ್ಯವಾದರೆ ಕಟ್ಟಿದ ಎರಿಗಳೊಂದಿಗೆ. ಬರೀ ಮೇಣದ ಹಾಳೆ ಇಟ್ಟರೆ ಅದನ್ನು ಕಟ್ಟುವವರೆಗೆ ನೊಣಗಳಿಗೆ ಜಾಗ ಸಿಕ್ಕಂತಾಗುವುದಿಲ್ಲ. ಜೇನು ತುಂಬಿ ಭಾರವಾದ ಒಂದೆರಡು ಎರಿಗಳನ್ನು ಸಂಸಾರ ಕೋಣೆಯಿಂದ ಅಂಚಿಗೆ ಸರಿಸಿ, ಇಲ್ಲವೇ ತೆಗೆದುಬಿಡಿ. ಮರಿ ಇರುವ ಎರಿಗಳಿಗೆ ತಾಗಿ ಒಂದು ಖಾಲಿ ಕಟ್ಟಿದ ಎರಿ ಇಡಿ. ರಾತ್ರಿ ಇನ್ನೂ ಚಳಿ ಇದ್ದರೆ ಮರಿಯ ಸಮೂಹವನ್ನು ನಡುವೆ ಸೀಳಿ ಎರಿ ತುರುಕಬೇಡಿ. ಎರಡೂ ಕಡೆಯನ್ನು ಬಿಸಿ ಇಡಲು ನೊಣಗಳಿಗೆ ಆಗುವುದಿಲ್ಲ.

ಈ ಖಾಲಿ ಎರಿಯೇ ನಿಮ್ಮ ಪರೀಕ್ಷೆಯೂ ಹೌದು. ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ದಿನಾಂಕ ಬರೆಯಿರಿ. ಮೂರ‍್ನಾಲ್ಕು ದಿನ ಬಿಟ್ಟು ಅದೊಂದನ್ನೇ ಎತ್ತಿ ನೋಡಿ. ಮೊಟ್ಟೆ ತುಂಬಿದ್ದರೆ ರಾಣಿ ಗಟ್ಟಿಯಾಗಿದೆ, ಜಾಗದ ಕೊರತೆ ಇತ್ತು ಅಷ್ಟೇ. ಮಕರಂದ ತುಂಬಿದ್ದರೆ ಇನ್ನೂ ಜಾಗ ಬೇಕು, ಅಥವಾ ಕುಟುಂಬ ಪಾಲಾಗುವ ಮನಸ್ಸು ಮಾಡಿದೆ. ಕೋಶಗಳನ್ನು ಚೊಕ್ಕ ಮಾಡಿಟ್ಟಿದ್ದಾರೆ, ಆದರೆ ಮೊಟ್ಟೆಯೂ ಇಲ್ಲ, ಮಕರಂದವೂ ಇಲ್ಲ ಅಂದರೆ ಕೊರತೆ ಆಹಾರದ್ದೋ ರಾಣಿಯದ್ದೋ. ನನ್ನ ಮಟ್ಟಿಗೆ ಈ ಪರೀಕ್ಷೆಗೆ ಸಮ ಬೇರೆ ಇಲ್ಲ. ಅವತ್ತು ಇದು ಗೊತ್ತಿದ್ದಿದ್ದರೆ ಆ ರಾಣಿ ಉಳಿಯುತ್ತಿತ್ತು.

ಹೆಜ್ಜೆ 5: ಪಾಲಾಗುವ ತಯಾರಿ ಇದೆಯಾ?

ರಾಣಿ ಮೊಟ್ಟೆ ನಿಲ್ಲಿಸಲು ಇದು ದೊಡ್ಡ ಕಾರಣ, ತಡ ಮಾಡಿದರೆ ನಷ್ಟವೂ ದೊಡ್ಡದು. ಕುಟುಂಬ ಪಾಲಾಗಲು ಹೊರಟಾಗ ದಾದಿಗಳು ರಾಣಿಗೆ ಉಣಿಸುವುದನ್ನು ಕಡಿಮೆ ಮಾಡುತ್ತವೆ. ಅದರ ಹೊಟ್ಟೆ ಇಳಿದು ಮೈ ಸಣ್ಣಗಾಗುತ್ತದೆ. ದಪ್ಪ ಹೊಟ್ಟೆ ಹೊತ್ತು ಹಾರಲು ಆಗುವುದಿಲ್ಲ ಅಲ್ವಾ? ಎರಿಯ ಮೇಲೆ ಚುರುಕಾಗಿ ಓಡಾಡುವ ಸಣಕಲು ರಾಣಿಯನ್ನು ಕಂಡು "ಇದು ಮುದಿಯಾಯಿತು" ಅಂದುಕೊಳ್ಳುವುದು ಸಹಜ. ಅದು ಹೊರಡಲು ಸಿದ್ಧವಾಗಿರುವ ಒಳ್ಳೆಯ ರಾಣಿಯೇ ಆಗಿರಬಹುದು.

ಎರಿಗಳ ಕೆಳ ಅಂಚು ನೋಡಿ. ಕಡಲೆಕಾಯಿಯ ಹಾಗೆ ಜೋತುಬಿದ್ದ ರಾಣಿ ಕೋಶಗಳಿವೆಯಾ? ಬಟ್ಟಲಿನಂಥ ಖಾಲಿ ಮೊಗ್ಗುಗಳು ಇದ್ದೇ ಇರುತ್ತವೆ, ಅವಕ್ಕೆ ಹೆದರಬೇಡಿ. ಅದರೊಳಗೆ ಮೊಟ್ಟೆಯೋ, ಹಾಲಿನಂಥ ಜೆಲ್ಲಿಯೋ ಇದ್ದರೆ ತಯಾರಿ ನಿಜ. ರಾಣಿ ಮೊಟ್ಟೆಯಿಂದ ಹೊರಬರಲು 16 ದಿನ ಬೇಕು. ಕೋಶಕ್ಕೆ ಮುಚ್ಚಳ ಬೀಳುವುದು 8–9ನೇ ದಿನ. ಹವೆ ಚೆನ್ನಾಗಿದ್ದರೆ ಹಳೆಯ ರಾಣಿ ಹೆಚ್ಚಾಗಿ ಹೊರಡುವುದು ಅದೇ ಹೊತ್ತಿಗೆ. ಅದಕ್ಕೇ ಈ ಕಾಲದಲ್ಲಿ 7 ದಿನಕ್ಕೊಮ್ಮೆ ನೋಡಲೇಬೇಕು. 10 ದಿನ ಬಿಟ್ಟರೆ ತಡವಾಯಿತು.

ರಾಣಿ ಕೋಶಗಳನ್ನು ಚಿವುಟಿ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಮತ್ತೆ ಕಟ್ಟುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಹಳೆಯ ರಾಣಿ ಆಗಲೇ ಹೋಗಿದ್ದು ನೀವು ಉಳಿದ ಕೋಶಗಳನ್ನೂ ಚಿವುಟಿದರೆ ಕುಟುಂಬ ರಾಣಿಯಿಲ್ಲದೆ ಅನಾಥವಾಗುತ್ತದೆ. ಒಳ್ಳೆಯ ದಾರಿ ನೀವೇ ಪಾಲು ಮಾಡುವುದು. ಹಳೆಯ ರಾಣಿಯನ್ನು ಎರಡು ಮೂರು ಮರಿ ಎರಿ, ಒಂದು ಜೇನಿನ ಎರಿ, ಬೇಕಾದಷ್ಟು ನೊಣಗಳ ಜೊತೆ ಬೇರೆ ಪೆಟ್ಟಿಗೆಗೆ ಹಾಕಿ. ಹಳೆಯ ಪೆಟ್ಟಿಗೆಯಲ್ಲಿ ದಪ್ಪಗಿರುವ ಒಂದೋ ಎರಡೋ ರಾಣಿ ಕೋಶ ಮಾತ್ರ ಉಳಿಸಿ. ಹೊಸ ಪೆಟ್ಟಿಗೆಯಲ್ಲಿ ಜಾಗ ಸಿಕ್ಕ ಹಳೆಯ ರಾಣಿ ಕೆಲವೇ ದಿನದಲ್ಲಿ ಮೊದಲಿನಂತೆ ಮೊಟ್ಟೆ ಇಡುತ್ತದೆ.

ಮೊಟ್ಟೆಯೂ ಇಲ್ಲ, ರಾಣಿಯೂ ಇಲ್ಲ, ತುದಿ ಗುಂಡಗೆ ಕತ್ತರಿಸಿದ ಹಾಗೆ ತೆರೆದ ರಾಣಿ ಕೋಶ ಇದೆ ಅಂದರೆ ಪಾಲು ಆಗಿಹೋಗಿದೆ, ಒಳಗೆ ಕನ್ಯೆ ರಾಣಿ ಇದೆ. ಅದು ಬಲಿತು, ಹಾರಿ, ಗಂಡು ನೊಣಗಳನ್ನು ಕೂಡಿ ಮೊಟ್ಟೆ ಇಡಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಕೈ ಹಾಕಬೇಡಿ. ಮೂರು ವಾರ ಕಳೆದರೂ ಏನೂ ಕಾಣದಿದ್ದರೆ ಬೇರೆ ಪೆಟ್ಟಿಗೆಯಿಂದ ಮೊಟ್ಟೆ ಇರುವ ಒಂದು ಎರಿ ಕೊಡಿ. ಅದರ ಮೇಲೆ ರಾಣಿ ಕೋಶ ಕಟ್ಟಿದರೆ ಒಳಗೆ ರಾಣಿ ಇಲ್ಲ. ಕಟ್ಟದಿದ್ದರೆ ಇದೆ, ಕಾಯಿರಿ.

ಹೆಜ್ಜೆ 6: ದಾದಿಗಳು, ಪರಾಗ, ಕಾಯಿಲೆ

ಕುಟುಂಬ ಚಿಕ್ಕದಿದ್ದರೆ ಲೆಕ್ಕವೇ ಬೇರೆ. ಚಳಿ ಕಳೆದ ಹಳೆಯ ನೊಣಗಳು ವಸಂತದ ದುಡಿಮೆಗೆ ಬೇಗ ಬೇಗ ಸಾಯುತ್ತವೆ. ಹೊಸವು ಅಷ್ಟು ವೇಗದಲ್ಲಿ ಹುಟ್ಟಿರುವುದಿಲ್ಲ. ಆಗ ರಾಣಿ ನೊಣಗಳು ಮೈಚಾಚಿ ಮುಚ್ಚುವಷ್ಟು ಜಾಗದಲ್ಲಿ ಮಾತ್ರ ಮೊಟ್ಟೆ ಇಡುತ್ತದೆ. ಇದರ ಗುರುತು: ಮರಿಯ ತೇಪೆ ಸಣ್ಣದು, ಆದರೆ ಒತ್ತಾಗಿ, ಒಂದು ಕೋಶವೂ ಬಿಡದಂತೆ ತುಂಬಿರುತ್ತದೆ. ಕೆಲವೊಮ್ಮೆ ಒಂದೇ ಕೋಶದ ತಳದಲ್ಲಿ ಎರಡು ಮೊಟ್ಟೆ ಇರುತ್ತದೆ. ರಾಣಿಗೆ ಇಡುವ ಶಕ್ತಿ ಇದೆ, ಬೆಚ್ಚಗಿನ ಜಾಗ ಇಲ್ಲ. ಹೀಗಿದ್ದರೆ ಪೆಟ್ಟಿಗೆಯ ಜಾಗ ಕಿರಿದು ಮಾಡಿ, ಬಾಗಿಲು ಸಣ್ಣದು ಮಾಡಿ. ಬಲವಾದ, ಕಾಯಿಲೆ ಇಲ್ಲದ ಕುಟುಂಬದಿಂದ ಇನ್ನೇನು ಹೊರಬರಲಿರುವ ಮುಚ್ಚಿದ ಮರಿಯ ಒಂದು ಎರಿ ಕೊಡಿ. ತೆರೆದ ಮರಿಹುಳುಗಳ ಎರಿ ಬೇಡ, ಅದನ್ನು ಸಾಕಲು ಇಲ್ಲಿ ದಾದಿಗಳೇ ಇಲ್ಲ.

ಪರಾಗ ಸಾಕಷ್ಟಿದೆಯಾ ಅನ್ನುವುದನ್ನು ಮರಿಹುಳುವೇ ಹೇಳುತ್ತದೆ. ಎರಡು ಮೂರು ದಿನದ ಮರಿಹುಳು ಇರುವ ಕೋಶದೊಳಗೆ ಇಣುಕಿ. ಹಾಲಿನ ಕೊಳದಲ್ಲಿ ತೇಲುವಂತೆ ಕಂಡರೆ ಹೊಟ್ಟೆ ತುಂಬಿದೆ. ಒಣಗಿದ ತಳದಲ್ಲಿ ಮುದುರಿಕೊಂಡಿದ್ದರೆ ದಾದಿಗಳ ಬಳಿ ಜೆಲ್ಲಿ ಇಲ್ಲ, ಅಂದರೆ ಪರಾಗ ಇಲ್ಲ. ಮರಿಯ ಸುತ್ತ ಹಳದಿ, ಕಿತ್ತಳೆ, ಕಂದು ಬಣ್ಣದ ಪರಾಗದ ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಪರಾಗ ಅಥವಾ ಪರಾಗಕ್ಕೆ ಬದಲಾದ ಉಂಡೆಯನ್ನು ಮರಿ ಎರಿಗಳ ಮೇಲೆಯೇ ಇಡಿ. ಜೇನೂ ಕಡಿಮೆ ಇದ್ದರೆ ಸಕ್ಕರೆ, ನೀರು ಸಮ ಸಮ ಹಾಕಿದ ಪಾಕವನ್ನು ಸ್ವಲ್ಪ ಸ್ವಲ್ಪವೇ ಕೊಡಿ. ಮೊದಲ ಹೂ ಮುಗಿದು ಮುಂದಿನ ಹೂ ಬರುವವರೆಗಿನ ಬಿಡುವಿನಲ್ಲಿ ಇದು ಜಾಸ್ತಿ ಆಗುತ್ತದೆ. ತಳಿಯಲ್ಲೂ ವ್ಯತ್ಯಾಸ ಇದೆ. ಕಾರ್ನಿಯೋಲನ್ ನೊಣಗಳು ಆಹಾರ ಕಡಿಮೆಯಾದ ಕೂಡಲೇ ಮರಿ ಇಳಿಸುತ್ತವೆ. ಇಟಾಲಿಯನ್ ನೊಣಗಳು ಹಾಗೆ ಬೇಗ ಬಿಡುವುದಿಲ್ಲ.

ವರೋವಾ ನುಸಿಯನ್ನು ಮರೆಯಬೇಡಿ. ಸುಮಾರು 300 ನೊಣಗಳನ್ನು ತೆಗೆದು, ಸಕ್ಕರೆ ಪುಡಿಯಲ್ಲಿ ಹೊರಳಾಡಿಸಿಯೋ ಆಲ್ಕೋಹಾಲ್‌ನಲ್ಲಿ ತೊಳೆದೋ ಉದುರಿದ ನುಸಿ ಎಣಿಸಿ. ವಸಂತದಲ್ಲೇ 100 ನೊಣಕ್ಕೆ 2–3 ನುಸಿ ಸಿಕ್ಕರೆ ಸುಮ್ಮನಿರಬೇಡಿ. ನೊಣದ ಕರುಳಿಗೆ ತಗಲುವ ನೊಸೆಮಾ ಕಾಯಿಲೆಯೂ ದಾದಿಗಳ ಆಯುಸ್ಸು ಕಡಿಮೆ ಮಾಡುತ್ತದೆ. ಅದನ್ನು ಖಚಿತ ಮಾಡಲು ಮೈಕ್ರೋಸ್ಕೋಪ್ ಬೇಕು. ಇನ್ನೊಂದು ಮಾತು, ಥೈಮಾಲ್, ಫಾರ್ಮಿಕ್ ಆಸಿಡ್‌ನಂಥ ನುಸಿ ಔಷಧಿ ಹಾಕಿದ ಕೆಲವು ದಿನ ರಾಣಿ ಮೊಟ್ಟೆ ಕಡಿಮೆ ಮಾಡುವುದುಂಟು. ಔಷಧಿ ತೆಗೆದ ಮೇಲೆ ಸರಿಹೋಗುತ್ತದೆ.

ಹೆಜ್ಜೆ 7: ಈಗ ರಾಣಿಯನ್ನು ನೋಡೋಣ

ಜಾಗ ಇದೆ, ಪರಾಗ ಇದೆ, ದಾದಿಗಳಿದ್ದಾರೆ, ಪಾಲಾಗುವ ಲಕ್ಷಣ ಇಲ್ಲ. ಆದರೂ ಮೊಟ್ಟೆ ಇಲ್ಲ ಅಂದರೆ ಆಗ ರಾಣಿಯ ಸರದಿ.

ರಾಣಿ ಬದುಕಿನ ಶುರುವಿನಲ್ಲಿ ಒಂದೆರಡು ಸಲವೋ ಕೆಲವು ಸಲವೋ ಹಾರಿ, ಹತ್ತಾರು ಗಂಡು ನೊಣಗಳನ್ನು ಕೂಡಿ, ಜೀವಮಾನಕ್ಕೆ ಬೇಕಾದ ವೀರ್ಯವನ್ನು ಕೂಡಿಟ್ಟುಕೊಳ್ಳುತ್ತದೆ. ಅದು ಮುಗಿದರೆ ಕೆಲಸಗಾರ ನೊಣದ ಕೋಶದಲ್ಲೂ ಗಂಡು ಮೊಟ್ಟೆಯೇ ಬೀಳುತ್ತದೆ. ಚಪ್ಪಟೆ ಮುಚ್ಚಳಗಳ ನಡುವೆ ಗುಂಡಿನಂತೆ ಉಬ್ಬಿದ ಮುಚ್ಚಳಗಳು ಚದುರಿ ಕಂಡರೆ ಅದೇ ಗುರುತು. ಮೂರನೇ ವಸಂತ ಕಾಣುತ್ತಿರುವ ರಾಣಿಯಲ್ಲಿ ಇದು ಅಚ್ಚರಿಯಲ್ಲ. ಕೋಶದ ಗೋಡೆಗೆ ಅಂಟಿದ ನಾಲ್ಕಾರು ಮೊಟ್ಟೆ ಕಂಡರೆ ಅದು ರಾಣಿಯ ಕೆಲಸವೇ ಅಲ್ಲ. ರಾಣಿ ಸತ್ತು ದಿನಗಳಾಗಿ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ.

ಮರಿ ಚದುರಿ ಚದುರಿ ಇದೆ ಅನ್ನುವ ಒಂದೇ ಕಾರಣಕ್ಕೆ ರಾಣಿಯನ್ನು ದೂರಬೇಡಿ. ನುಸಿ ಹಿಡಿದ ಮರಿಯನ್ನು ಗೂಡು ಚೊಕ್ಕ ಮಾಡುವ ನೊಣಗಳು ಕಿತ್ತು ಎಸೆದರೂ ಎರಿ ಹಾಗೇ ಕಾಣುತ್ತದೆ. ಹೊಸದಾಗಿ ಬಿಟ್ಟ ರಾಣಿಗೂ ಒಂದೆರಡು ವಾರ ಸಮಯ ಕೊಡಿ.

ಎರಿಯ ಅಂಚಿನಲ್ಲಲ್ಲದೆ ಮುಖದ ಮೇಲೆಯೇ ಒಂದೆರಡು ರಾಣಿ ಕೋಶ ಕಂಡರೆ, ನೊಣಗಳೇ ರಾಣಿಯನ್ನು ಬದಲಾಯಿಸಲು ಹೊರಟಿವೆ. ಹೊರಗೆ ಗಂಡು ನೊಣಗಳು ಹಾರಾಡುವ ಕಾಲವಾಗಿದ್ದರೆ ನಾನು ಅದನ್ನು ಹಾಗೇ ಬಿಡುತ್ತೇನೆ. ಅವುಗಳ ಆಯ್ಕೆ ತಪ್ಪಿದ್ದು ನಾನು ಕಂಡಿಲ್ಲ.

ನೀವೇ ಬದಲಾಯಿಸಬೇಕು ಅಂತಾದರೆ, 7 ದಿನದ ಅಂತರದಲ್ಲಿ ಎರಡು ಸಲ ನೋಡಿ, ಖಾಲಿ ಎರಿ ಪರೀಕ್ಷೆಯಲ್ಲೂ ಸೋತಮೇಲೆ ಮಾಡಿ. ಗಂಡು ಮೊಟ್ಟೆ ಇಡುವ ರಾಣಿಯಾದರೆ ಅದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಬೇರೆ ಯಾವ ಕಾರಣವಾದರೂ ಹಳೆಯ ರಾಣಿಯನ್ನು ಆ ದಿನವೇ ಕೊಲ್ಲಬೇಡಿ. ಒಂದು ಮರಿ ಎರಿ, ಒಂದು ಜೇನಿನ ಎರಿ, ಎರಡು ಹಿಡಿ ನೊಣಗಳ ಜೊತೆ ಚಿಕ್ಕ ಪೆಟ್ಟಿಗೆಯಲ್ಲಿ ಇಡಿ. ದೊಡ್ಡ ಪೆಟ್ಟಿಗೆಯಲ್ಲಿ ಹೊಸ ರಾಣಿಯ ಮರಿಗೆ ಚಪ್ಪಟೆ ಮುಚ್ಚಳ ಬೀಳುವವರೆಗೆ, ಅಂದರೆ ಮೊದಲ ಮೊಟ್ಟೆ ಕಂಡ ಮೇಲೆ ಇನ್ನೂ 9–10 ದಿನ, ಅದು ಅಲ್ಲೇ ಇರಲಿ. ಆ ಚಿಕ್ಕ ಪೆಟ್ಟಿಗೆಯ ಎರಿಯನ್ನೂ ಆಗಾಗ ಬಿಸಿಲಿಗೆ ಹಿಡಿದು ನೋಡುತ್ತಿರಿ. ನೆಟ್ಟಗೆ ನಿಂತ ಮೊಟ್ಟೆಗಳು ಒತ್ತಾಗಿ ಕಂಡರೆ, ದೊಡ್ಡ ಪೆಟ್ಟಿಗೆಯಲ್ಲಿ ಮತ್ತೊಮ್ಮೆ ಹೆಜ್ಜೆ 4ರಿಂದ ಶುರು ಮಾಡಿ.